ಕೆಳಗಿದ್ದಳು

೨೧ ಜನವರಿ, ಬುಧವಾರ

ವಾನಳ್ಳಿ ತಿರುವಿನಲ್ಲಿ ಟೆಂಪೊ ಬಡಿದು ತಂಗಿ ದೇವಕಿಯ ಕಾಲು ಮುರಿದದ್ದನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ‘ಅವಳು ಕೆಳಗಿದ್ದಳು’ ಎಂದು ಪೊಲೀಸರಿಗೆ ಹೇಳಿದ್ದೆ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ರಸ್ತೆಯ ಇಳಿಜಾರಿನ ಬದಿಗೆ. ಹಾವೇರಿ ಕಡೆಯ ಪೇದೆ ‘ಮೊದಲೇ ಕೆಳಗೆ ಬಿದ್ದಿದ್ದಳು’ ಎಂದು ಬರೆದುಕೊಂಡ. ಇರುವೆಯ ಕಾಲನ್ನೂ ಕನ್ನಡಕವಿಲ್ಲದೆ ಎಣಿಸುವವನು ನಾನು ಎಂದು ಠಾಣೆಯಲ್ಲಿ ಜಂಬ ಕೊಚ್ಚಿ, ಅಕ್ಷರ ಕಾಣದಿದ್ದರೂ ಓದಿದವನಂತೆ ತಲೆಯಾಡಿಸಿ ಸಹಿ ಹಾಕಿದ್ದೆ. ಸಹಿ ಮಾತ್ರ ಚೆಂದ ಬಿದ್ದಿದೆ.

ಇವತ್ತು ನಮ್ಮ ವಕೀಲ ತುಷಾರ ಆ ಹೇಳಿಕೆಯನ್ನು ಓದಿ, “ಮಾವ, ಇದು ಹಿಂಗೇ ಇದ್ರೆ ದೇವಕಿಯಕ್ಕಂಗೆ ಪರಿಹಾರ ಸಿಕ್ತಿಲ್ಲೆ” ಎಂದ.

ದೇವಕಿ ಬಯ್ಯಲಿಲ್ಲ. “ನಾಳೆ ಕೋರ್ಟಲ್ಲಿ ಕಣ್ಣು ಕಾಣ್ತಿಲ್ಲೆ ಹೇಳಿ ಒಪ್ಕತ್ಯ ಅಣ್ಣ?” ಎಂದಳು, ಅಷ್ಟೇ.

ಒಪ್ಪಲೇಬೇಕು. ಆದರೆ ಕಣ್ಣು ಕಾಣದವನು ಟೆಂಪೊ ಬಡಿದದ್ದನ್ನು ಹೇಗೆ ಕಂಡ ಎಂದು ವಿಮೆಯ ವಕೀಲ ಕೇಳಿದರೆ ಏನು ಹೇಳಲಿ?