ವಾಲ್ಟರನಿಗೆ ತೋರಿಸಿದ ಕಡಲು

ಜೂನ್ 9, ಸೋಮವಾರ

ಏಳಕ್ಕೇ ಈಜು. ಕೊರೆಯುವ ನೀರು. ಮನೆಗೆ ಬಂದು ಟೀ, ಟೋಸ್ಟ್. ಹತ್ತಕ್ಕೆ ವಾಲ್ಟರನನ್ನು ಕರೆತರಲು ಗೆಸ್ಟ್ ಹೌಸಿಗೆ.

ನಿನ್ನೆ ಸಂಜೆ ಒಹಾಯೊದಿಂದ ನಮ್ಮ ಕಡಲೂರಿಗೆ ಬಂದಿದ್ದಾನೆ. ಅರವತ್ತಾರು ವರ್ಷ. ಅಮ್ಮನ ಮೊದಲ ಮಗ, ಮದುವೆಗೆ ಮುಂಚೆ ಹುಟ್ಟಿದವನು. ಕನ್ಯಾಸ್ತ್ರೀಯರ ಆಶ್ರಮದಲ್ಲಿ ಹೆತ್ತು ಎರಡೂವರೆ ವರ್ಷ ಸಾಕಿದ್ದಳಂತೆ. ಆಮೇಲೆ ಅಮೆರಿಕದ ದಂಪತಿಗೆ ಕೊಟ್ಟುಬಿಟ್ಟರು. ಅವಳನ್ನು ಯಾರೂ ಕೇಳಲಿಲ್ಲ. ಈ ಫೆಬ್ರವರಿಯಲ್ಲಿ ಅಮ್ಮ ತೀರಿಹೋದಳು. ಮಾರ್ಚಿನಲ್ಲಿ ನಾನೇ ಅವನಿಗೆ ಬರೆದೆ.

ಬಾಗಿಲಲ್ಲಿ ನಿಂತಿದ್ದ. ಅಮ್ಮನ ಕಿವಿ. ಅದೇ ದೊಡ್ಡ ಕಿವಿ...

ಕೈಯಲ್ಲಿ ನೋಡಬೇಕಾದ ಜಾಗಗಳ ಪಟ್ಟಿ. ಲೂಪ್ ಹೆಡ್ ದೀಪಸ್ತಂಭ, ಬಂಡೆಹೊಂಡ, ಡಾಲ್ಫಿನ್ ದೋಣಿ.

"ಇಲ್ಲಿಗೆಲ್ಲ ಅವರು ಹೋಗ್ತಿದ್ರಾ?"

"ದೋಣಿ ಒಂದು ಬಿಟ್ಟು. ಹತ್ತಿದ್ರೆ ವಾಂತಿ ಮಾಡ್ಕೋತಿದ್ಲು."

"ನಾನೂ ಅಷ್ಟೇ!" ಎಂದ. ಖುಷಿಯಿಂದ.

ಜೂನ್ 10

ಕಡಲ ಗೋಡೆಯ ಹತ್ತಿರ ಜೋಸಿ. ನಲವತ್ತು ವರ್ಷದಿಂದ ಅಲ್ಲೇ ಕೂತು ಚಿಪ್ಪಿನ ಸಮೇತ ಬೇಯಿಸಿದ ಪುಟ್ಟ ಕಡಲ ಬಸವನಹುಳು ಮಾರುತ್ತಾಳೆ.

"ಏನೇ ಡಿಂಪ್ನಾ, ಈ ವಯಸ್ಸಲ್ಲಿ ಗಂಡಸಿನ ಜೊತೆ ಸುತ್ತಾಟ?"

"ಥೂ, ಬಾಯ್ಮುಚ್ಚೇ. ಅಣ್ಣ ಇವನು."

ಮೊದಲ ಸಲ ಬಾಯಿಂದ ಬಂತು ಆ ಮಾತು. ಜೋಸಿ ಅವನ ಕಿವಿ ನೋಡಿದಳು. ಪೊಟ್ಟಣಕ್ಕೆ ಇನ್ನೊಂದು ಹಿಡಿ ಸುರಿದು ಗುಂಡುಪಿನ್ನು ಕೊಟ್ಟಳು.

"ಹೀಗೆ ಚುಚ್ಚಿ, ತಿರುಗಿಸಿ ಎಳೀಬೇಕಪ್ಪ. ನಿಮ್ಮಮ್ಮ ಇಷ್ಟನ್ನೂ ನಾನು ಚಿಲ್ಲರೆ ಹುಡುಕೋದ್ರೊಳಗೆ ಮುಗಿಸ್ತಿದ್ಲು."

ಅವನಿಗೆ ಸೇರಲಿಲ್ಲ. ಆದರೂ ಒಂದೂ ಬಿಡದೆ ತಿಂದ. ಆಮೇಲೆ ಕಡಲಿನ ಕಡೆ ನೋಡುತ್ತ, "ಎರಡು ವರ್ಷದ ಹಿಂದೆ ಅವರಿಗೊಂದು ಕಾಗದ ಬರೆದಿದ್ದೆ. ಉತ್ತರ ಬರಲಿಲ್ಲ. ಬೇಡ ಅನ್ನಿಸಿರಬೇಕು. ತಪ್ಪೇನಿಲ್ಲ ಬಿಡಿ," ಎಂದ.

ನಾನು ಹುಳು ಎಳೆಯುತ್ತಲೇ ಇದ್ದೆ.

ಇಲ್ಲಾದರೂ ನಿಜ ಬರೆಯಬೇಕು. ಆ ಕಾಗದ ಒಡೆದವಳು ನಾನು. ಅಮ್ಮನಿಗೆ ಕೊಡಲಿಲ್ಲ. ಅಪ್ಪ ಇದ್ದ, ಅವನಿಗೇನೂ ಗೊತ್ತಿರಲಿಲ್ಲ, ರಂಪ ಆದೀತು ಅಂದುಕೊಂಡೆ. ಸರಿ. ಅಪ್ಪ ಕಳೆದ ಅಕ್ಟೋಬರಿನಲ್ಲಿ ಹೋದ. ಆಮೇಲೆ ಅಮ್ಮ ನಾಲ್ಕು ತಿಂಗಳು ಇದ್ದಳು. ಆ ನಾಲ್ಕು ತಿಂಗಳಿಗೆ ಏನು ನೆಪ? ಹೊಟ್ಟೆಕಿಚ್ಚು. ಐವತ್ತೆಂಟು ವರ್ಷ ಅವಳ ಒಂದೇ ಮಗುವಾಗಿದ್ದೆ...

ಜೂನ್ 11

ಲೂಪ್ ಹೆಡ್. ನಿಲ್ಲಲಾಗದ ಗಾಳಿ. ದೀಪಸ್ತಂಭದ ಗೋಡೆಗೆ ಒರಗಿ ಸ್ಯಾಂಡ್‌ವಿಚ್ ತಿಂದೆವು.

"ನನ್ನ ಹುಟ್ಟುಹಬ್ಬ ಅವರಿಗೆ ನೆನಪಿತ್ತಾ?"

ಪ್ರತಿ ನವೆಂಬರ್ ಮೂರಕ್ಕೆ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುತ್ತಿದ್ದಳು. ಯಾರಿಗಮ್ಮ ಎಂದರೆ, "ಹಳೇ ಗುರುತಿನೋರಿಗೆ ಕಣೇ" ಅನ್ನುತ್ತಿದ್ದಳು. ಹೇಳಿದೆ. ಮುಖ ತಿರುಗಿಸಿಕೊಂಡ. ಉಳಿದ ಸ್ಯಾಂಡ್‌ವಿಚ್ ಸುತ್ತಿಟ್ಟು—

"ಅಷ್ಟು ನೆನಪಿದ್ದೋರು ಒಂದು ಸಾಲು ಯಾಕೆ ಬರೀಲಿಲ್ಲ?"

ಗಾಳಿಗೆ ಕೇಳಿಸದವಳ ಹಾಗೆ ಕೂತೆ. ನನ್ನಂಥವಳು...

ಜೂನ್ 12

ಹೇಳಿದೆ.

ಇಳಿತದ ಹೊತ್ತು. ಬಂಡೆಹೊಂಡದಲ್ಲಿ ಕಾಲು ಇಳಿಬಿಟ್ಟು ಏಡಿ ನೋಡುತ್ತಿದ್ದ.

"ನಿಮ್ಮ ಕಾಗದ ಅಮ್ಮನ ಕೈ ಸೇರ್ಲೇ ಇಲ್ಲ. ನಾನು ಬಚ್ಚಿಟ್ಟೆ."

"ಯಾವಾಗ ಬಂತು?"

"ಆ ವರ್ಷದ ಜನವರಿ ಹದಿನೇಳು."

ಬೆರಳು ಮಡಿಸಿ ಈ ಫೆಬ್ರವರಿಯವರೆಗೆ ಎಣಿಸಿದ. "ಇಪ್ಪತ್ತೈದು ತಿಂಗಳು," ಎಂದ. ನನಗಲ್ಲ, ನೀರಿಗೆ ಹೇಳಿದ ಹಾಗೆ. ಶೂ ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಆ ಚೂಪು ಬಂಡೆಗಳ ಮೇಲೆ ನಡೆದುಹೋದ. ತಿರುಗಿ ನೋಡಲಿಲ್ಲ.

ಜೂನ್ 14, ಶನಿವಾರ

ನಿನ್ನೆ ಇಡೀ ದಿನ ಸುದ್ದಿಯಿಲ್ಲ. ಈಜಲಿಲ್ಲ, ಒಲೆ ಹಚ್ಚಲಿಲ್ಲ. ಇವತ್ತು ಒಂಬತ್ತಕ್ಕೆ ಬಾಗಿಲಲ್ಲಿ ನಿಂತಿದ್ದ. ಗಡ್ಡ ಕೆರೆದಿರಲಿಲ್ಲ.

"ನೀನು ದಿನಾ ಡೈರಿ ಬರೀತೀಯ ಅಂದ್ಲು ಜೋಸಿ. ಆ ಇಪ್ಪತ್ತೈದು ತಿಂಗಳದ್ದು ಇದೆಯಾ?"

"ಇದೆ."

"ಓದು. ಅವಳಿರೋದನ್ನೆಲ್ಲ ಓದು."

ನೀನು, ಅವಳು. 'ನೀವು', 'ಅವರು' ಎರಡೂ ಹೋಗಿದ್ದವು.

ಇವತ್ತಿಗೆಂದು ಗೊತ್ತುಮಾಡಿದ್ದ ಡಾಲ್ಫಿನ್ ದೋಣಿ ನಮ್ಮನ್ನು ಬಿಟ್ಟು ಹೋಯಿತು. ಅಡುಗೆಮನೆಯ ಮೇಜಿನ ಮುಂದೆ ಕೂತೆವು. ಜನವರಿ ಹದಿನೇಳು: 'ಮಳೆ. ಅಮ್ಮ ಕಿತ್ತಳೆ ಮುರಬ್ಬ ಮಾಡಿದಳು. ಅಂಚೆಯಲ್ಲಿ ಕರೆಂಟ್ ಬಿಲ್ ಮಾತ್ರ.'

ಮಾತ್ರ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೆ.

"ಮುಂದೆ," ಎಂದ.

ಅಮ್ಮ ಪಾದ್ರಿಯ ಬೆಕ್ಕಿಗೆ ಪೊರಕೆ ಎಸೆದದ್ದು. ಹೊಸ ಕನ್ನಡಕ ಹಾಕಿಕೊಂಡು, 'ಅಯ್ಯೋ, ನಿನಗಿಷ್ಟು ಸುಕ್ಕಾ' ಅಂದದ್ದು. ಅಲ್ಲಿ ನಕ್ಕ. ನವೆಂಬರ್ ಮೂರು, ಮೇಣದಬತ್ತಿ. ಮತ್ತೆ ನವೆಂಬರ್ ಮೂರು. ಸಂಜೆ ಏಳು ಗಂಟೆಗೆ ನನ್ನ ಗಂಟಲು ಬಿದ್ದುಹೋಗಿತ್ತು. ಕೊನೆಯ ಫೆಬ್ರವರಿ ಬಂದಾಗ ಪುಟದ ಮೇಲೆ ಅಂಗೈ ಇಟ್ಟ.

"ಅದು ಬೇಡ."

ಜೂನ್ 15

ಶ್ಯಾನನ್ ವಿಮಾನ ನಿಲ್ದಾಣ. ಒಳಗೆ ಹೋಗುವ ಮುಂಚೆ—

"ಕ್ಷಮಿಸೋಕೆ ಆಗುತ್ತೋ ಇಲ್ವೋ, ಗೊತ್ತಿಲ್ಲ."

"ಕೇಳ್ತಾ ಇಲ್ಲ ನಾನು."

ತಲೆಯಾಡಿಸಿದ. ಹೋದ.

ಜುಲೈ 8

ಮೂರು ವಾರ ಏನೂ ಬರೆದಿಲ್ಲ. ಅವನ ಸುದ್ದಿಯೂ ಇಲ್ಲ.

ಸಮಾಧಿ ಕಲ್ಲು ಕೆತ್ತುವವರು ಫೋನ್ ಮಾಡಿದ್ದರು. "'ಡಿಂಪ್ನಾಳ ತಾಯಿ' ಅಂತ ಹಾಕ್ಲಾ ತಾಯೀ?"

"ಇಬ್ಬರ ಹೆಸರು ಬೇಕು. ಅಣ್ಣನದು ಮೊದಲು."

"ಹೇಳಿ, ಬರ್ಕೋತೀನಿ."

ಕೋಲ್ಮನ್, ಅಮ್ಮ ಇಟ್ಟ ಹೆಸರು; ಅವನ ಕಾಗದದಲ್ಲಿತ್ತು. ವಾಲ್ಟರ್, ಅವನು ಬಾಳಿದ್ದು. ಈ ಸಲ ನಾನು ನಿರ್ಧರಿಸಬಾರದು. "ಅವನಿಗೆ ಬರೆದು ಕೇಳ್ತೀನಿ. ಉತ್ತರ ಬರೋವರೆಗೂ ಕಲ್ಲು ಹಾಗೇ ಇರ್ಲಿ," ಎಂದೆ.

"ಎಷ್ಟು ದಿನ ಆಗುತ್ತಮ್ಮಾ?"

"ಇಪ್ಪತ್ತೈದು ತಿಂಗಳಾದ್ರೂ ಕಾಯ್ತೀನಿ," ಎಂದೆ.