ಎಡಗಣ್ಣಿನ ಚಂದಗಾಜು

ಕೆಮ್ಮಣ್ಣುಪೇಟೆ, ಬಳ್ಳಾರಿ ಸೀಮೆ
ಫೆಬ್ರವರಿ ಮೂವತ್ತು, ೨೧೯೪

ನಮ್ಮ ಹಿರೀಕರಿಗೆ ನಾಗವೇಣಿಯ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತು ಎಂದು ಕೇಳಬೇಡಿ, ಅದು ಬೇರೆಯೇ ರಾಮಾಯಣ. ಈ ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಪದ ಒಂದೇ, ಚಂದಗಾಜು. ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಗುಡ್ಡ ಅಗೆದು ಎಬ್ಬಿಸಿದ ಕೆಂಪು ಧೂಳು ನಮ್ಮೂರಲ್ಲಿ ಇನ್ನೂ ಇಳಿದಿಲ್ಲ. ಧೂಳು ತೆಗೆಯಲಾಗದ ನಗರಸಭೆ ನಮ್ಮ ಎಡಗಣ್ಣಿಗೆ ಒಂದು ತೆಳುಗಾಜು ಕೊಟ್ಟಿತು, ಅದೇ ಚಂದಗಾಜು. ಅದರಲ್ಲಿ ಗುಡ್ಡ ಹಸಿರು, ಎದುರಿಗೆ ಬಂದವರೆಲ್ಲ ನಗುಮುಖದವರು. ಬಲಗಣ್ಣು ಬರಿದಾಗಿಯೇ ಇರಲಿ, ಚಂದ ಕಾಣುವ ಕಣ್ಣು ನಿಮಗೆ, ಕೆಲಸದ ಕಣ್ಣು ಊರಿಗೆ ಎಂದರು ಸಭೆಯವರು. ನ್ಯಾಯವೆಂದು ನಾವೂ ತಲೆಯಾಡಿಸಿದೆವು. ಎರಡು ಕಣ್ಣಿಗೆ ಎರಡು ನೋಟ ಬಿದ್ದರೆ ಮಿದುಳು ಅವನ್ನು ಬೆರೆಸುವುದಿಲ್ಲ. ನಾಲ್ಕು ಕ್ಷಣ ಹಸಿರು ಗುಡ್ಡ, ನಾಲ್ಕು ಕ್ಷಣ ಕೆಂಪು ಗುಡ್ಡ; ಒಂದು ಕಂಡಾಗ ಇನ್ನೊಂದು ಮಾಯ. ಹೆಚ್ಚು ಹೊಳೆಯುವುದಕ್ಕೆ ಹೆಚ್ಚು ಹೊತ್ತು. ದೊಡ್ಡವರಾದ ನಮಗೆ ಹೀಗೆ ಸರದಿಯಾದರೂ ಸಿಗುತ್ತದೆ. ಅಕ್ಕಿ ಆರಿಸುವಾಗ ಎಡಗಣ್ಣು ಮುಚ್ಚಿಕೊಂಡು ಕೂರುತ್ತೇವೆ, ಇಲ್ಲದಿದ್ದರೆ ಕಲ್ಲು ಕಾಣುವುದಿಲ್ಲ.

ಗಾಜು ಕೂರಿಸುವುದು ನನ್ನ ಕಸುಬು. ಮಗಳು ಮುಕ್ತಾಳನ್ನು ತೊಟ್ಟಿಲಿಗೆ ಹಾಕಿದ ದಿನ, ಕಿವಿಯಲ್ಲಿ ಹೆಸರು ಹೇಳುವ ಮೊದಲೇ, ನಾನೇ ಅವಳ ಎಡಗಣ್ಣಿಗೆ ಅದನ್ನು ಕೂರಿಸಿದೆ. ಕೂಸು ಮೊದಲು ಚಂದವನ್ನೇ ಕಾಣಲಿ ಎಂದು ಊರಲ್ಲಿ ಹೊಸ ಪದ್ಧತಿ ಮಾಡಿಕೊಂಡಿದ್ದೆವು. ಅತ್ತೆ ಸಕ್ಕರೆ ಹಂಚಿದರು. ಎಳೆಯ ಮಿದುಳಿಗೆ ಸರದಿ ಕಾಯುವ ತಾಳ್ಮೆಯಿಲ್ಲ, ಗೆದ್ದ ಕಣ್ಣನ್ನು ಇಟ್ಟುಕೊಂಡು ಸೋತದ್ದನ್ನು ಕೈಬಿಡುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದದ್ದು ನನಗೆ.

ಅವಳಿಗೀಗ ಹನ್ನೊಂದು. ಬಲಗಣ್ಣಿಗೆ ಯಾವ ರೋಗವೂ ಇಲ್ಲ, ಆದರೂ ಎಡಗಣ್ಣು ಕಟ್ಟಿದರೆ ಮಬ್ಬಿನಲ್ಲಿ ಗೋಡೆ ತಡವುತ್ತಾಳೆ. ಗಾಜು ಕಣ್ಣಿಗೆ ಬೆಸೆದುಕೊಂಡಿದೆ, ಕಿತ್ತರೆ ಆ ಕಣ್ಣೂ ಹೋಗುತ್ತದೆ. ಬಲಗಣ್ಣಿಗೆ ನೋಟ ಕಲಿಸುವ ಕಾಲ ಮೀರಿತು ಎಂದು ವೈದ್ಯರು ಹೇಳಿದ ದಿನ ಮನೆಗೆ ಬಂದು ಅವಳೆದುರೇ ಕುಳಿತು ಅತ್ತುಬಿಟ್ಟೆ. ಅವಳು ನನ್ನ ಮುಖವನ್ನೇ ನೋಡುತ್ತ, ಸದ್ದಿಗೆ ಕಿವಿಗೊಟ್ಟು ಕೇಳಿದಳು: "ಅವ್ವಾ, ಯಾರೋ ಅಳಾಕತ್ತಾರಲ್ಲ, ಯಾರು?"

ಗಾಜಿನಲ್ಲಿ ನಾನು ನಗುತ್ತಲೇ ಇದ್ದೆ. ಪಕ್ಕದ ಮನೆಯವರು ಎಂದೆ.

ಅಗೆಯುವುದನ್ನು ನಿಲ್ಲಿಸಿ ಎಂದರೆ ನೀವು ಕೇಳುವವರಲ್ಲ, ಕೇಳಿದ್ದರೆ ನಾನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ನನ್ನ ಕೈಗಳ ಮೇಲೆ ಅದಕ್ಕಿಂತ ಹೆಚ್ಚು. ಒಂದನ್ನಾದರೂ ನಡೆಸಿಕೊಡಿ. ನಿಮ್ಮ ಮಕ್ಕಳಿಗೆ ಇನ್ನೂ ನಿಮ್ಮ ಮುಖ ಕಾಣುತ್ತದೆ. ಅಳು ಬಂದಾಗ ಸೆರಗು ಅಡ್ಡ ಹಿಡಿಯಬೇಡಿ.

ಇಂತಿ,
ಗಾಜು ಕೂರಿಸುವ ನಾಗವೇಣಿ