ಹಿತ್ತಾಳೆಯ ಮುಖ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ
೨೪-೧೧-೨೦೨೪

ಪ್ರೀತಿಯ ತಂಗಿ ಲೋಲಾಕ್ಷಿಗೆ, ಅಣ್ಣನ ನೆನಪುಗಳು.

ಫೋನಿನಲ್ಲಿ ನೀನು ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ವೀಸಾ ಬಂತೆಂದು ರಂಜಿತ್ ಹೇಳಿದ. ಇನ್ನು ನೀನು ಮಗನ ಜೊತೆ ದುಬೈಯ ಸಿಲಿಕಾನ್ ಓಯಸಿಸ್‌ನಲ್ಲಿ. ಸಂತೋಷ. ನಿನ್ನ ಕೋಣೆಯನ್ನು ಅವನೇ ಸಿದ್ಧ ಮಾಡಿದ್ದಾನೆ. ಮಂಚದ ಎದುರು, ತೀರಿಹೋದ ಭಾವನ ಮುಖವನ್ನು ಹಿತ್ತಾಳೆ ತಗಡಿನಲ್ಲಿ ಕೆತ್ತಿಸಿ ಹಾಕಬೇಕೆಂದು ಅವನ ಆಸೆ. "ಮಾವ, ಅಪ್ಪನಿಗೆ ಒಂದು ಗತ್ತು ಇತ್ತಲ್ಲ, ಅದು ಬರ್ಬೇಕು" ಅಂದ. ಅಲ್ ಬರ್ಷಾದ ಕೆತ್ತನೆ ಅಂಗಡಿಗೆ ಫೋಟೋ ಮುಟ್ಟಿಸುವ ಕೆಲಸ ನನ್ನದು. ನಿನಗೆ ಹೇಳಿದರೆ, "ಫೋಟೋ ಎಂತಕ್ಕೆ ಅಣ್ಣ, ನೆನಪುಂಟಲ್ಲ" ಅಂದು ಫೋನ್ ಇಟ್ಟೆ.

ಆ ಮಾತು ಮೊಣಕಾಲು ನೋವಿನ ಹಾಗೆ, ಕೂತರೂ ನಿಂತರೂ ಬಿಡುತ್ತಿಲ್ಲ. ಭಾವನ ಚಪ್ಪಲಿ ಸದ್ದು ಕೇಳಿದರೆ ಮಾತು ಅರ್ಧಕ್ಕೆ ನಿಲ್ಲುವ ಮನೆಯನ್ನು ನಾನೂ ಕಂಡಿದ್ದೇನೆ. ಹೆಚ್ಚು ಬರೆಯುವುದಿಲ್ಲ.

ಕಳೆದ ಶನಿವಾರ ಮೊಮ್ಮಗಳು ತೃಷಾ ನನ್ನನ್ನು ಮ್ಯೂಸಿಯಂಗೆ ಎಳೆದುಕೊಂಡು ಹೋದಳು. ಕಾಲು ಸೋತು ಒಂದು ಬೆಂಚಿನಲ್ಲಿ ಕೂತೆ. ಎದುರಿಗೆ ಹಳೇ ರೋಮಿನ ಚಕ್ರವರ್ತಿಗಳ ಸಾಲು. ತಾಮ್ರದಲ್ಲಿ ಕೆತ್ತಿ ಕಾಗದಕ್ಕೆ ಅಚ್ಚೊತ್ತಿದ ಮುಖಗಳು. ನಮ್ಮ ಅಮ್ಮನ ಪವನಿನ ಸರದ ನಾಣ್ಯದಲ್ಲಿದ್ದ ರಾಜನ ಹಾಗೆ ಎಲ್ಲರೂ ಪಕ್ಕಕ್ಕೆ ತಿರುಗಿದವರು. ಅವರು ನಮ್ಮನ್ನು ನೋಡುವುದಿಲ್ಲ, ನಾವೇ ಅವರನ್ನು ನೋಡಬೇಕು. ತೃಷಾ ಒಬ್ಬನ ಕೆಳಗಿದ್ದ ಬರಹ ಓದಿ, "ಅಜ್ಜಾ, ಹಿ ಕಿಲ್ಡ್ ಹಿಸ್ ಓನ್ ಮದರ್!" ಅಂದಳು. ನೋಡಿದರೆ ಎಂಥ ಮುಖ! ತಲೆಗೆ ಎಲೆಯ ಕಿರೀಟ, ಎತ್ತಿದ ಗಲ್ಲ. ಕೆತ್ತಿದವನು ಅವನನ್ನು ಕಂಡವನೇ ಅಲ್ಲ, ಎಷ್ಟೋ ನೂರು ವರ್ಷ ಕಳೆದು ಹುಟ್ಟಿದವನಂತೆ. ಆದರೂ ಗತ್ತು ಬಂದಿದೆ. ಹೆದರಿ ಬದುಕಿದವರ ಮುಖ ಆ ಗೋಡೆಯಲ್ಲಿ ಒಂದೂ ಇರಲಿಲ್ಲ.

ದಣಿದಿದ್ದೇನೆ, ತಂಗೀ. ರಂಜಿತ್ ಹತ್ತಿರ ವಾದ ಮಾಡುವ ಶಕ್ತಿ ಇಲ್ಲ. ಮಗನಿಂದ ಅಪ್ಪನನ್ನು ಕಿತ್ತುಕೊಳ್ಳುವ ಮನಸ್ಸೂ ಇಲ್ಲ. ಫೋಟೋ ಕೊಟ್ಟೆ, ಕೆಲಸ ಮುಗಿದಿದೆ. ನೀನು ಧೈರ್ಯವಾಗಿ ಬಾ. ಕುಚ್ಚಲಕ್ಕಿ ಹೊತ್ತು ತರಬೇಡ, ಇಲ್ಲೇ ಸಿಗುತ್ತದೆ.

ನಿನ್ನ ಅಣ್ಣ,
ಜಯಪಾಲ

ತಾ.ಕ.: ಕೊಟ್ಟದ್ದು ಭಾವನ ಫೋಟೋ ಅಲ್ಲ, ನಿನ್ನದು. ತೃಷಾಳ ನಾಮಕರಣಕ್ಕೆ ನೀನೊಬ್ಬಳೇ ಬಂದಿದ್ದೆಯಲ್ಲ, ಆವತ್ತು ಬಾಯ್ತುಂಬ ನಕ್ಕದ್ದು. 'ಬದುಕಿರುವಾಗಲೇ ಗೋಡೆಗೆ ಹತ್ತಿಸಿದೆಯಾ' ಎಂದು ಬೈಯಬೇಡ. ಆ ರಾಜರೆಲ್ಲ ಬದುಕಿದ್ದಾಗಲೇ ನಾಣ್ಯಕ್ಕೆ ಹತ್ತಿ ಕೂತವರು. ರಂಜಿತ್ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ತಗಡನ್ನು ತುಂಬ ಹೊತ್ತು ಕೈಯಲ್ಲೇ ಹಿಡಿದು, "ಅಮ್ಮ ಹೀಗೆ ನಗ್ತಾರಾ, ಮಾವ?" ಎಂದು ಕೇಳಿದ. ಆಮೇಲೆ ಅವನೇ ಮೊಳೆ ಹೊಡೆದ. ಹಾರ ಹಾಕಲಿಕ್ಕೆ ಅಂತ ಇನ್ನೊಂದು ಮೊಳೆ ಎತ್ತಿಕೊಂಡಿದ್ದ. ಅದು ಮಾತ್ರ ಬೇಡ ಎಂದೆ.